ಗ್ರಿಲ್ ಕೊಳ್ಳಲು ಹೊರಟ ಅಳಿಯನಿಗೆ

ನೀನು ಕಳಿಸಿದ ಮೂರು ಗ್ರಿಲ್‌ಗಳ ಚಿತ್ರ ನೋಡಿದೆ ಅಳಿಯಾ. ಮೂರೂ ಒಳ್ಳೆಯವೇ. ಆದರೂ ಈ ವಾರ ಯಾವುದನ್ನೂ ಕೊಳ್ಳಬೇಡ ಅಂತ ಹೇಳುವುದಕ್ಕೇ ಈ ಕಾಗದ. ಎಷ್ಟು ಬಿಟಿಯು ಶಾಖ, ಒಂದು ಸಲಕ್ಕೆ ಎಷ್ಟು ಬರ್ಗರ್, ಎಷ್ಟು ಡಾಲರ್ ಅಂತ ನೀನು ಲೆಕ್ಕ ಹಾಕಿದ್ದೀಯ. ಅಂಗಡಿಯವನಿಗೂ ಬೇಕಾಗಿರುವುದು ಅದೇ ಲೆಕ್ಕ. ಪಾರ್ಕಿಂಗ್ ಲಾಟಿನಲ್ಲಿ ಕೆಲಸಕ್ಕೆ ಬರುವ ಪ್ರಶ್ನೆ ಬೇರೆ: ಆಟ ಶುರುವಾಗಲು ಮುಕ್ಕಾಲು ಗಂಟೆ ಇರುವಾಗ, ಎಲ್ಲರೂ ಟಿಕೆಟ್ ಹುಡುಕುತ್ತಾ ಗೇಟಿನ ಕಡೆ ಓಡುತ್ತಿರುವಾಗ, ಆ ಸುಡು ಸುಡು ಕಬ್ಬಿಣವನ್ನು ಎಲ್ಲಿಡುತ್ತೀಯ? ಅದಕ್ಕೆ ಉತ್ತರ ಸಿಕ್ಕಿತು ಅಂದರೆ ಮಿಕ್ಕಿದ್ದು ಸಲೀಸು.

ನಿಮ್ಮಮ್ಮನೂ ಇದನ್ನು ಓದುತ್ತಾಳೆ. "ಕಾರು ನಿಲ್ಲಿಸೋ ಜಾಗದಲ್ಲಿ ಒಲೆ ಯಾಕೋ ಹಚ್ಚಬೇಕು, ಮನೇಲೇ ತಿಂದು ಹೋಗಬಾರದಾ?" ಅಂತ ನನ್ನನ್ನು ಫೋನಿನಲ್ಲಿ ತರಾಟೆಗೆ ತೆಗೆದುಕೊಂಡೂ ಆಗಿದೆ. ಅವಳಿಗಾಗಿ ನಾಲ್ಕು ಮಾತು. ಇಲ್ಲಿ ಅಮೆರಿಕದಲ್ಲಿ ಸೆಪ್ಟೆಂಬರಿನಿಂದ ನವೆಂಬರ್ ಮುಗಿಯುವವರೆಗೆ ಶನಿವಾರ ಅಂದರೆ ಕಾಲೇಜು ಫುಟ್‌ಬಾಲ್. ಆನ್ ಆರ್ಬರಿನ ಮಿಶಿಗನ್ ಸ್ಟೇಡಿಯಮ್ಮಿನಲ್ಲಿ 1,07,601 ಜನರಿಗೆ ಜಾಗ ಇದೆ. ಆಟದ ದಿನ ಎದುರಿನ ಪಯೋನಿಯರ್ ಹೈಸ್ಕೂಲಿನ ಆವರಣ, ಪಕ್ಕದ ಗಾಲ್ಫ್ ಮೈದಾನ ಎಲ್ಲವೂ ಕಾರುಗಳಿಂದ ತುಂಬಿಹೋಗುತ್ತವೆ. ಮಧ್ಯಾಹ್ನ 12ಕ್ಕೆ ಆಟ ಅಂದರೆ ಬೆಳಿಗ್ಗೆ 8ಕ್ಕೆಲ್ಲ ಡಿಕ್ಕಿ ಬಾಗಿಲು ಮೇಲೆತ್ತಿ, ಮಡಚುವ ಕುರ್ಚಿ ಬಿಡಿಸಿ, ಒಲೆ ಹಚ್ಚಿರುತ್ತಾರೆ. ಇದಕ್ಕೇ ಟೇಲ್‌ಗೇಟಿಂಗ್ ಅನ್ನುವುದು. ನಮ್ಮ ಕಡೆ ತೇರಿನ ದಿನ ಗಾಡಿ ಬಿಟ್ಟು, ಎತ್ತು ಕಟ್ಟಿ, ಮರದಡಿ ಮೂರು ಕಲ್ಲು ಹೂಡಿ ಅಡುಗೆಗೆ ಇಳಿಯುತ್ತಿದ್ದರಲ್ಲ, ಹಾಗೇ. ತೇರು ಎಳೆಯುವುದು ಒಂದು ಗಳಿಗೆ, ಊಟ ಹರಟೆ ದಿನವಿಡೀ. ಟಿಕೆಟ್ಟೇ ಇಲ್ಲದೆ ಬಂದು, ಆಟವನ್ನು ಲಾಟಿನಲ್ಲೇ ಟೀವಿಯಲ್ಲಿ ನೋಡಿ ಹೋಗುವವರೂ ಬೇಕಾದಷ್ಟು ಜನ. ಇವರನ್ನು ನೆನಪಿಟ್ಟುಕೋ, ಮುಂದೆ ನಮ್ಮ ಕೆಲಸಕ್ಕೆ ಬರುತ್ತಾರೆ.

ಈ ಟೇಲ್‌ಗೇಟಿಂಗಿನ ಮೂಲ ಹುಡುಕುವವರು ಇಲ್ಲಿನ ಅಂತರ್ಯುದ್ಧದ ಕಾಲದ, 1861ರ ಬುಲ್ ರನ್ ಕದನಕ್ಕೆ ಕೈ ತೋರಿಸುತ್ತಾರೆ. ವಾಷಿಂಗ್ಟನ್ನಿನ ಮಂದಿ ಊಟದ ಬುಟ್ಟಿ ಹೊತ್ತು ಆ ಯುದ್ಧ ನೋಡಲು ಹೋದದ್ದು ನಿಜ. ಅಲ್ಲಿಂದ ಇಲ್ಲಿಗೆ ಎಳೆ ಎಳೆಯುವುದು ಮಾತ್ರ ಸ್ವಲ್ಪ ಜಾಸ್ತಿಯಾಯಿತು ಅಂತ ನನಗನ್ನಿಸುತ್ತದೆ. ಜನ ಸೇರಿದ ಕಡೆ ಹಸಿವಾಗುವುದಕ್ಕೆ ಇತಿಹಾಸ ಬೇಕಿಲ್ಲ.

ಗ್ರಿಲ್ ನೋಡುವ ಮೊದಲು ನೋಡಬೇಕಾದ ಕಾಗದ ಒಂದಿದೆ. ನೀನು ಪಾರ್ಕಿಂಗಿಗೆ ದುಡ್ಡು ಕೊಡುವ ಜಾಗದ ನಿಯಮ. ಸ್ಟೇಡಿಯಂ ಒಂದೇ ಆದರೂ ಸುತ್ತಲಿನ ಲಾಟುಗಳ ಒಡೆಯರು ಬೇರೆ ಬೇರೆ: ಒಂದು ವಿಶ್ವವಿದ್ಯಾಲಯದ್ದು, ಒಂದು ಶಾಲೆಯದ್ದು, ಒಂದು ಯಾರದೋ ಮನೆಯ ಹಿತ್ತಲು. ಕೆಲವು ಕಡೆ ಇದ್ದಿಲು ಕೂಡದು, ಗ್ಯಾಸ್ ಆದೀತು. ಕೆಲವು ಕಡೆ ಬೆಂಕಿಯೇ ಕೂಡದು. ಕೆಲವು ಕಡೆ ಸಿಲಿಂಡರಿನ ಗಾತ್ರಕ್ಕೂ ಮಿತಿ ಇರುತ್ತದೆ. ಬೇರೆ ಊರಿನ ಆಟಕ್ಕೆ ಹೋದರಂತೂ ಅಲ್ಲಿಯದೇ ಕಾನೂನು. ಐದು ನಿಮಿಷ ಓದಿದರೆ ಮುಗಿಯುವ ಇದನ್ನು ಬಿಟ್ಟು ಮುನ್ನೂರು ಡಾಲರಿನ ಸಾಮಾನು ಹೊತ್ತು ಗೇಟಿನಲ್ಲಿ ವಾದಕ್ಕೆ ನಿಲ್ಲುವವರನ್ನು ಪ್ರತಿ ಹಂಗಾಮಿನಲ್ಲೂ ನೋಡುತ್ತೇನೆ. ಗೇಟಿನಲ್ಲಿ ನಿಂತಿರುವ ಹುಡುಗನಿಗೆ ವಾದ ಕೇಳುವುದಕ್ಕೆ ಸಂಬಳ ಇಲ್ಲ.

ಇನ್ನು ಗ್ಯಾಸಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿನ್ನ ಎರಡನೇ ಚಿತ್ರದ ಗ್ರಿಲ್ ಬೀಳುವುದು ಇಲ್ಲೇ.

ಇಲ್ಲಿ ಎರಡು ಬಗೆಯ ಸಿಲಿಂಡರ್ ಹೆಚ್ಚು ಬಳಕೆಯಲ್ಲಿವೆ. ಒಂದು, ಮನೆ ಹಿತ್ತಲಿನ ಗ್ರಿಲ್‌ಗಳ ಕೆಳಗೆ ಕೂತಿರುವ ಬಿಳಿಯ 20 ಪೌಂಡಿನದು. ನಮ್ಮ ಲೆಕ್ಕದಲ್ಲಿ ಸುಮಾರು 9 ಕೆಜಿ ಗ್ಯಾಸ್. ಊರಿನ 14.2 ಕೆಜಿಯದಕ್ಕಿಂತ ಗಿಡ್ಡ. ಪೆಟ್ರೋಲ್ ಬಂಕಿನ ಹೊರಗೆ ಪಂಜರದಲ್ಲಿಟ್ಟು, ಖಾಲಿಯದನ್ನು ಪಡೆದು ತುಂಬಿದ್ದನ್ನು ಕೊಡುತ್ತಾರಲ್ಲ, ಅದರಲ್ಲಿ ಹೆಸರಿಗೆ 20 ಪೌಂಡ್, ತುಂಬಿರುವುದು ಸಾಮಾನ್ಯವಾಗಿ 15ರ ಆಸುಪಾಸು. ಇನ್ನೊಂದು, ಕ್ಯಾಂಪಿಂಗ್ ಅಂಗಡಿಯಲ್ಲಿ ಸಿಗುವ ಹಸಿರು ಬಣ್ಣದ ಪುಟ್ಟ ಬಾಟಲಿ, 16.4 ಔನ್ಸ್, ಅಂದರೆ ಅರ್ಧ ಕೆಜಿಗೆ ಸ್ವಲ್ಪ ಕಡಿಮೆ. ಒಂದು ಪೌಂಡಿನದು ಅಂತಲೇ ಎಲ್ಲರೂ ಕರೆಯುವುದು.

ನೀನಿರುವುದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ. ದೊಡ್ಡ ಸಿಲಿಂಡರನ್ನು ಮನೆಯೊಳಗೆ ಇಡುವಂತಿಲ್ಲ. ಬಾಲ್ಕನಿಯಲ್ಲಿಯೂ ಬಿಡುವುದಿಲ್ಲ, ಬಾಡಿಗೆ ಕರಾರು ತೆಗೆದು ನೋಡು, ಬರೆದಿರುತ್ತದೆ. ಕಾರಿನ ಡಿಕ್ಕಿಯಲ್ಲಿ ವಾರಗಟ್ಟಲೆ ಇಟ್ಟುಕೊಂಡು ತಿರುಗುವುದು ಹುಚ್ಚುತನ. ಹಾಗಾಗಿ 20 ಪೌಂಡಿನದೇ ಬೇಕು ಅನ್ನುವ ಗ್ರಿಲ್ ಸದ್ಯಕ್ಕೆ ನಿನ್ನದಲ್ಲ. ಸ್ವಂತ ಮನೆ, ಹಿತ್ತಲು, ಶೆಡ್ಡು ಆದ ಮೇಲೆ ನೋಡೋಣ. ಈಗ ಹಸಿರು ಬಾಟಲಿಯೇ ಗತಿ, ಅದಕ್ಕೇ ಹೊಂದುವ ಗ್ರಿಲ್ಲೇ ಬೇಕು.

ಆ ಬಾಟಲಿಯ ಮೇಲೆ ಸಣ್ಣಕ್ಷರದಲ್ಲಿ ಒಂದು ಎಚ್ಚರಿಕೆ ಇದೆ. ಮರುತುಂಬಿಸಿ ಸಾಗಿಸಿದರೆ ಫೆಡರಲ್ ಕಾನೂನಿನ ಪ್ರಕಾರ 5 ಲಕ್ಷ ಡಾಲರಿನವರೆಗೆ ದಂಡ, 5 ವರ್ಷದವರೆಗೆ ಜೈಲು. ದೊಡ್ಡ ಸಿಲಿಂಡರನ್ನು ತಲೆಕೆಳಗು ಮಾಡಿ ಇದಕ್ಕೆ ತುಂಬಿಸುವ ಹಿತ್ತಾಳೆ ತಿರುಪು ಹತ್ತು ಡಾಲರಿಗೆ ಸಿಗುತ್ತದೆ, ಸ್ನೇಹಿತರು ಯಾರಾದರೂ ತಂದು ತೋರಿಸುತ್ತಾರೆ, ಉಳಿತಾಯದ ಲೆಕ್ಕವನ್ನೂ ಒಪ್ಪಿಸುತ್ತಾರೆ. ಬೇಡ. ಒಂದೇ ಸಲದ ಬಳಕೆಗೆಂದು ಮಾಡಿದ ಬಾಟಲಿಯ ವಾಲ್ವು ಎರಡನೇ ಸಲ ಸರಿಯಾಗಿ ಮುಚ್ಚಿಕೊಳ್ಳುತ್ತದೆ ಅಂತ ಯಾವ ಭರವಸೆಯೂ ಇಲ್ಲ. ಉಳಿತಾಯ ಬೇಕೇ ಬೇಕು ಅಂದರೆ ಮರುತುಂಬಿಸಲೆಂದೇ ಮಾಡಿದ ಒಂದು ಪೌಂಡಿನ ಬಾಟಲಿಗಳು ಈಗ ಬಂದಿವೆ, ಅವನ್ನು ತಗೋ. ಕ್ಯಾಲಿಫೋರ್ನಿಯಾದಲ್ಲಂತೂ ಬಳಸಿ ಬಿಸಾಡುವ ಬಾಟಲಿಯ ಮಾರಾಟವನ್ನು 2028ರ ಜನವರಿ 1ರಿಂದ ನಿಲ್ಲಿಸುವಂತೆ ಕಾನೂನು ಮಾಡಿದ್ದಾರೆ. ಖಾಲಿಯಾದದ್ದನ್ನು ಮನೆಯ ಕಸದ ಡಬ್ಬಿಗೆ ಹಾಕಬೇಡ. ಅಪಾಯಕಾರಿ ಕಸ ತೆಗೆದುಕೊಳ್ಳುವ ಜಾಗ ನಿನ್ನ ಕೌಂಟಿಯಲ್ಲಿ ಎಲ್ಲಿದೆ ಅಂತ ವಿಚಾರಿಸು.

ಈಗ ಬಿಟಿಯು ಭೂತ ಬಿಡಿಸೋಣ. ನಿನ್ನ ಮೊದಲನೇ ಚಿತ್ರ ಕೋಲ್‌ಮನ್ನಿನ ರೋಡ್‌ಟ್ರಿಪ್ 285. ಮೂರು ಬರ್ನರ್, 20,000 ಬಿಟಿಯು, 285 ಚದರ ಇಂಚು, ಕೆಳಗೆ ಗಾಲಿ. ಮೂರನೆಯದು ಕ್ವಿಸಿನಾರ್ಟಿನ ಪುಟಾಣಿ, 5,500 ಬಿಟಿಯು, 145 ಚದರ ಇಂಚು. "ಮೊದಲನೇದು ನಾಲ್ಕು ಪಟ್ಟು ಬಿಸಿ ಅಲ್ವಾ ಮಾವ?" ಅಂತ ಕೇಳಿದ್ದೀಯ. ಅಲ್ಲ. ಡಬ್ಬದ ಮೇಲೆ ಬರೆದ ಬಿಟಿಯು ಅಂದರೆ ಆ ಗ್ರಿಲ್ ಗಂಟೆಗೆ ಎಷ್ಟು ಗ್ಯಾಸ್ ತಿನ್ನಬಲ್ಲದು ಅನ್ನುವ ಲೆಕ್ಕ. ತಿಂದದ್ದು ಮೈಗೆ ಹತ್ತುತ್ತದೋ ಇಲ್ಲವೋ ಅನ್ನುವುದು ಮುಚ್ಚಳ ಎಷ್ಟು ಬಿಗಿಯಾಗಿ ಕೂರುತ್ತದೆ, ಮೈ ಎಷ್ಟು ದಪ್ಪ, ಜಾಲರಿ ಯಾವ ಲೋಹದ್ದು ಅನ್ನುವುದರ ಮೇಲೆ. ವೆಬರ್ ಕಂಪನಿಯ ಕ್ಯೂ 1200 ಅನ್ನುವ ಗ್ರಿಲ್ 8,500 ಬಿಟಿಯುದು, 189 ಚದರ ಇಂಚು. ಎರಕದ ಅಲ್ಯೂಮಿನಿಯಂ ಮೈ, ಎನಾಮಲ್ ಹಚ್ಚಿದ ಬೀಡುಕಬ್ಬಿಣದ ಜಾಲರಿ. ಚದರ ಇಂಚಿಗೆ ಲೆಕ್ಕ ಹಾಕಿದರೆ ಕೋಲ್‌ಮನ್ನಿಗಿಂತ ತುಂಬ ಕಡಿಮೆ ಗ್ಯಾಸ್. ಆದರೂ ಗಾಳಿಯ ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕೋಳಿ ಕಾಲು ಬೇಯುವುದರಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ. ಶೀಟ್ ಮೆಟಲ್ಲಿನ ತೆಳು ಮುಚ್ಚಳದ ಅಂಚಿನಿಂದ ಹೊಗೆ ಸುಯ್ಯಂತ ಹೊರಬರುತ್ತಿದ್ದರೆ ಗ್ಯಾಸಿನ ದುಡ್ಡೂ ಅದರ ಜೊತೆಗೇ ಹೋಗುತ್ತಿದೆ ಅಂತ ತಿಳಿ.

ಈ ಸಿಲಿಂಡರುಗಳಲ್ಲಿರುವ ಗ್ಯಾಸ್ ಪ್ರೊಪೇನ್, ಅದರ ಒಂದು ಪೌಂಡಿನಲ್ಲಿ ಸುಮಾರು 21,600 ಬಿಟಿಯು ಶಾಖ ಇದೆ. ಈ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು. 20,000ದ ಗ್ರಿಲ್ಲನ್ನು ಪೂರ್ತಿ ತಿರುಗಿಸಿಟ್ಟರೆ ಹಸಿರು ಬಾಟಲಿ ಒಂದು ಗಂಟೆ ಬಂದರೆ ಹೆಚ್ಚು. 10,000ದ್ದಕ್ಕೆ ಎರಡು ಗಂಟೆ. ನಿನ್ನ ಅಡುಗೆ ಎಷ್ಟು ಹೊತ್ತಿನದು? ಅದನ್ನು ಕೊನೆಯಿಂದ ಹಿಂದಕ್ಕೆ ಎಣಿಸು.

ಆಟ 12ಕ್ಕೆ. ಲಕ್ಷ ಜನರ ಸಾಲಿನಲ್ಲಿ ನಿಂತು ಒಳಗೆ ಹೋಗಿ ಕೂರಬೇಕಾದರೆ 11:15ಕ್ಕೆ ಕಾರಿಗೆ ಬೀಗ ಬಿದ್ದಿರಬೇಕು. ಒಮ್ಮೆ ಒಳಗೆ ಹೋದರೆ ಹೊರಗೆ ಬಂದು ಮತ್ತೆ ಹೋಗುತ್ತೇನೆ ಅನ್ನುವುದು ಬಹುತೇಕ ಸ್ಟೇಡಿಯಂಗಳಲ್ಲಿ ನಡೆಯುವುದಿಲ್ಲ. ಬೀಡುಕಬ್ಬಿಣದ ಜಾಲರಿ ಕೈಯಲ್ಲಿ ಮುಟ್ಟುವಷ್ಟು ಆರುವುದಕ್ಕೆ ಮುಕ್ಕಾಲು ಗಂಟೆಯಾದರೂ ಬೇಕು. ಅಂದರೆ 10:30ಕ್ಕೆ ಬೆಂಕಿ ಆರಬೇಕು. 8ಕ್ಕೆ ಬಂದು, ಸಾಮಾನು ಇಳಿಸಿ, 8:30ಕ್ಕೆ ಹಚ್ಚಿದರೆ ನಿನ್ನ ಕೈಯಲ್ಲಿರುವುದು ಎರಡು ಗಂಟೆ. ಎರಡು ಗಂಟೆಗೆ ಒಂದೇ ಬಾಟಲಿಯಲ್ಲಿ ಮುಗಿಯಬೇಕು ಅಂದರೆ 8,500ರಿಂದ 12,500ರ ನಡುವಿನ ಗ್ರಿಲ್, 12,500ರದ್ದಾದರೆ ಉರಿ ಸ್ವಲ್ಪ ತಗ್ಗಿಸಿಟ್ಟುಕೊಂಡು. ನೋಡು, ಅಂಗಡಿಗೆ ಹೋಗದೆಯೇ ಅರ್ಧ ಆಯ್ಕೆ ಮುಗಿಯಿತು. 5,500ರ ಪುಟಾಣಿ ಇಬ್ಬರಿಗೆ ಸರಿ. ಎಂಟು ಹತ್ತು ಜನ ತಟ್ಟೆ ಹಿಡಿದು ನಿಂತಾಗ ಅದು ಅಳುತ್ತದೆ. ನಾಲ್ಕು ಇಂಚಿನ ಬರ್ಗರಿಗೆ ಮಗುಚುವ ಜಾಗವೂ ಸೇರಿ ಇಪ್ಪತ್ತು ಚದರ ಇಂಚಿಗೆ ಮೇಲೆ ಬೇಕು. 189ರಲ್ಲಿ ಎಂಟು ಹಿಡಿಸಿದರೆ ಅದೇ ದೊಡ್ಡದು. ಸಾಕು. ಟೇಲ್‌ಗೇಟಿನಲ್ಲಿ ಎಲ್ಲರೂ ಒಟ್ಟಿಗೆ ಎಲೆ ಹಾಕಿಕೊಂಡು ಕೂರುವುದಿಲ್ಲವಲ್ಲ, ಬಂದವರು ಬಂದಂತೆ ತಿನ್ನುತ್ತಾರೆ.

ಆರದ ಗ್ರಿಲ್ಲನ್ನು ಡಿಕ್ಕಿಗೆ ತುರುಕುವವರು ಪ್ರತಿ ವರ್ಷ ಇರುತ್ತಾರೆ. ಡಿಕ್ಕಿಯ ಕಾರ್ಪೆಟ್ ಮೇಲೆ ಜಾಲರಿಯ ಗೆರೆ ಗೆರೆ ಅಚ್ಚು ಬಿದ್ದಿರುವ ಕಾರುಗಳನ್ನು ನಾನು ಕಂಡಿದ್ದೇನೆ. ಅಷ್ಟಕ್ಕೇ ನಿಂತದ್ದು ಅವರ ಪುಣ್ಯ. ಬೆಂಕಿ ಆರಿಸುವಾಗ ಮೊದಲು ಬಾಟಲಿಯ ಕಡೆಯ ಹರಿವು ನಿಲ್ಲಲಿ, ಆಮೇಲೆ ಗ್ರಿಲ್ಲಿನ ಗುಂಡಿ. ಕೊಳವೆಯಲ್ಲಿ ಉಳಿದ ಗ್ಯಾಸ್ ಉರಿದು ಹೋಗುತ್ತದೆ. ಬಾಟಲಿಗೇ ಕೈಯಲ್ಲಿ ತಿರುಗಿಸುವ ವಾಲ್ವು ಇಲ್ಲದ ಮಾದರಿಯಾದರೆ ಗುಂಡಿ ಮುಚ್ಚಿ, ಗ್ರಿಲ್ ತಣಿದ ಮೇಲೆ ಬಾಟಲಿ ತಿರುಚಿ ಬೇರೆ ಮಾಡು. ಬಾಟಲಿ ಕಚ್ಚಿಕೊಂಡೇ ಇರುವ ಗ್ರಿಲ್ಲನ್ನು ಕಾರಿನಲ್ಲಿ ಎಂದೂ ಸಾಗಿಸಬೇಡ. ಜಿಡ್ಡು ಇಳಿಯುವ ತಟ್ಟೆ ಹೊರಕ್ಕೆ ಎಳೆಯಲು ಬರುತ್ತದೆಯೇ ಅಂತ ಅಂಗಡಿಯಲ್ಲೇ ಎಳೆದು ನೋಡು. ಬರದಿದ್ದರೆ ಮನೆಗೆ ಹೋಗುವ ದಾರಿಯಲ್ಲಿ ಮೊದಲ ತಿರುವಿನಲ್ಲೇ ಆ ಜಿಡ್ಡೆಲ್ಲ ನಿನ್ನ ಡಿಕ್ಕಿಯಲ್ಲಿ ಹರಿಯುತ್ತದೆ.

ಉಳಿದ ಬಾಟಲಿಗಳ ವಿಷಯ ಇನ್ನೂ ಸೂಕ್ಷ್ಮ. 49 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಇಡಬೇಡಿ ಅಂತ ಅವುಗಳ ಮೇಲೆ ಇರುತ್ತದೆ. ಸೆಪ್ಟೆಂಬರಿನ ಬಿಸಿಲಿಗೆ ಗಾಜು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಅಷ್ಟು ಏರುವುದು ದೊಡ್ಡ ಮಾತಲ್ಲ. ಎಷ್ಟು ಬೇಕೋ ಅಷ್ಟೇ ತಾ. ನಿಮ್ಮ ಗುಂಪಿನಲ್ಲಿ ಟಿಕೆಟ್ ಕೊಳ್ಳದೆ ಲಾಟಿನಲ್ಲೇ ಟೀವಿ ನೋಡುವ ಒಬ್ಬ ಸೋಮಾರಿ ಇದ್ದೇ ಇರುತ್ತಾನೆ. ಅವನಿಗೆ ಬಾಟಲಿಯನ್ನೂ ಆರುತ್ತಿರುವ ಗ್ರಿಲ್ಲನ್ನೂ ಒಪ್ಪಿಸು. ಅಂಥವನು ಇಲ್ಲದಿದ್ದರೆ ಪಕ್ಕದ ಕಾರಿನವರ ಜೊತೆ ಬೆಳಿಗ್ಗೆಯೇ ಪರಿಚಯ ಮಾಡಿಕೋ. ಎರಡು ದೋಸೆ ಕೊಟ್ಟರೆ ಯಾವ ಮಿಶಿಗನ್ ಅಜ್ಜನೂ ಇಲ್ಲ ಅನ್ನುವುದಿಲ್ಲ.

ದೋಸೆ ಅಂದೆನಲ್ಲ. ಕಾವಲಿಯೋ ಜಾಲರಿಯೋ ಅನ್ನುವುದು ನನ್ನ ಮಟ್ಟಿಗೆ ಬ್ರ್ಯಾಂಡಿಗಿಂತ ದೊಡ್ಡ ಪ್ರಶ್ನೆ. ಜಾಲರಿಯಲ್ಲಿ ಮುಸುಕಿನ ಜೋಳ ಸುಡಬಹುದು, ಬದನೆಕಾಯಿ ಸುಟ್ಟು ಅಲ್ಲೇ ಗೊಜ್ಜು ಕಿವುಚಬಹುದು, ಕೋಳಿ, ಸಾಸೇಜು, ಪನೀರು ಎಲ್ಲಕ್ಕೂ ಅದು ಸೈ. ಚಪ್ಪಟೆ ಕಾವಲಿಯ ಗ್ರಿಲ್ ಈಚೆಗೆ ಎಲ್ಲೆಲ್ಲೂ ಕಾಣುತ್ತಿದೆ. ಬ್ಲ್ಯಾಕ್‌ಸ್ಟೋನ್ ಅನ್ನುವ ಹೆಸರಿನದು ನಮ್ಮವರ ಮನೆಗಳಲ್ಲಿ ದೋಸೆಗೆಂದೇ ಬಂದು ಕೂತಿದೆ. ಅದರ 17 ಇಂಚಿನದು 12,500 ಬಿಟಿಯು, ಸುಮಾರು 267 ಚದರ ಇಂಚು, ಹಸಿರು ಬಾಟಲಿಗೆ ಸರಿಹೊಂದುತ್ತದೆ. 22 ಇಂಚಿನದು ಎರಡು ಬರ್ನರಿನದು, 24,000. ಅದನ್ನು ಹಸಿರು ಬಾಟಲಿಯ ಮೇಲೆ ಓಡಿಸಿದರೆ ಗಂಟೆ ತುಂಬುವ ಮೊದಲೇ ಬಾಟಲಿ ಖಾಲಿ.

ಕಾವಲಿ ಕೊಂಡರೆ ತಂದ ದಿನವೇ ಪಳಗಿಸಬೇಕು. ತೊಳೆದು ಒರೆಸಿ, ಬಟ್ಟೆಯಲ್ಲಿ ಎಣ್ಣೆ ತೆಳ್ಳಗೆ ಸವರಿ, ಹೊಗೆ ಏಳುವುದು ನಿಲ್ಲುವವರೆಗೆ ಕಾಯಿಸಿ, ಮತ್ತೆ ಸವರಿ, ಮತ್ತೆ ಕಾಯಿಸಿ. ಮೂರು ನಾಲ್ಕು ಸಲ ಆದಮೇಲೆ ಬೂದು ಬಣ್ಣ ಹೋಗಿ ಕಪ್ಪಗಾಗುತ್ತದೆ. ನಿಮ್ಮಜ್ಜಿಯ ಹೆಂಚಿಗೆ ಏನು ಮಾಡುತ್ತಿದ್ದರೋ ಅದೇ, ಹೊಸದೇನೂ ಇಲ್ಲ. ಲಾಟಿನಲ್ಲಿ ಒಂದು ತೊಡಕಿದೆ. ನೆಲ ಎಂದೂ ಮಟ್ಟಸ ಇರುವುದಿಲ್ಲ, ಮಳೆನೀರು ಹರಿಯಲೆಂದೇ ಓರೆ ಮಾಡಿರುತ್ತಾರೆ. ಜಾಲರಿಗೆ ಅದು ಲೆಕ್ಕಕ್ಕಿಲ್ಲ. ಕಾವಲಿಯಲ್ಲಿ ಎಣ್ಣೆ ಒಂದು ಮೂಲೆಗೆ ಹೋಗಿ ನಿಂತು, ಹುಯ್ದ ಹಿಟ್ಟು ಅದರ ಹಿಂದೆಯೇ ಜಾರಿ, ದೋಸೆ ಒಂದು ಕಡೆ ಹಪ್ಪಳ ಇನ್ನೊಂದು ಕಡೆ ಉದ್ದಿನ ರೊಟ್ಟಿ ಆಗುತ್ತದೆ. ಕಾಲುಗಳಿಗೆ ತಿರುಪು ಇರುವುದನ್ನು ನೋಡಿ ತಗೋ. ಇಲ್ಲವೋ ಒಂದಿಷ್ಟು ಮರದ ಚಕ್ಕೆ ಇಟ್ಟುಕೋ. ಹಚ್ಚಿ ಹತ್ತು ನಿಮಿಷ ಬಿಟ್ಟು ನೀರು ಚಿಮುಕಿಸು; ಸುಮ್ಮನೆ ನಿಂತರೆ ಇನ್ನೂ ಕಾಯಬೇಕು, ಚುಂಯ್ ಅಂದು ಅಲ್ಲೇ ಆರಿದರೆ ಕಾವು ಸರಿ, ಮಣಿಗಳಾಗಿ ಓಡಾಡಿದರೆ ಕಾವು ಹೆಚ್ಚಾಯಿತು, ಉರಿ ತಗ್ಗಿಸಬೇಕು. ಆಮೇಲೆ ಅರ್ಧ ಹೋಳು ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ ಎಣ್ಣೆಯಲ್ಲಿ ಅದ್ದಿ ಮೂಲೆಯಿಂದ ಮೂಲೆಗೆ ತಿಕ್ಕು. ಅಕ್ಕಪಕ್ಕದ ನಾಲ್ಕು ಕಾರಿನವರು ಆ ವಾಸನೆಗೇ ತಲೆ ಎತ್ತುತ್ತಾರೆ.

ಚಟ್ನಿ ಬಗ್ಗೆ ಒಂದು ಮಾತು. ತೆಂಗಿನಕಾಯಿ ಚಟ್ನಿ ಬೇಡ. ಬೆಂದ ಅಡುಗೆಯಾಗಲಿ ಚಟ್ನಿಯಾಗಲಿ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು, 32 ಡಿಗ್ರಿ ಮೀರಿದ ದಿನವಾದರೆ ಒಂದೇ ಗಂಟೆ ಅಂತ ಇಲ್ಲಿನ ಕೃಷಿ ಇಲಾಖೆಯವರು ಹೇಳುತ್ತಾರೆ, ಹೇಳದಿದ್ದರೂ ಕಾಯಿ ಚಟ್ನಿಯೇ ಹೇಳುತ್ತದೆ. ಚಟ್ನಿಪುಡಿ, ಎಣ್ಣೆ. ಮಂಜುಗಡ್ಡೆಯ ಡಬ್ಬಿಯಲ್ಲಿ ಜಾಗವೂ ಉಳಿಯುತ್ತದೆ.

ನಿಮ್ಮ ಗುಂಪಿನಲ್ಲಿ ನಾಲ್ವರು ಮಾಂಸ ಮುಟ್ಟದವರು ಅಂತ ನೀನು ಅಂದಿದ್ದೆ. ಒಂದೇ ಗ್ರಿಲ್ಲಿನಲ್ಲಿ ಗೆರೆ ಎಳೆದು ಅರ್ಧ ಅವರಿಗೆ ಅರ್ಧ ಇವರಿಗೆ ಮಾಡುತ್ತೇವೆ ಅನ್ನುವುದು ಮಾತಿಗೆ ಚೆನ್ನ. ಜಿಡ್ಡಿಗೆ ಗೆರೆ ತಿಳಿಯುವುದಿಲ್ಲ. ಸಸ್ಯಾಹಾರ ಮೊದಲು ಮುಗಿಸಿ ಆಮೇಲೆ ಮಾಂಸ ಹಾಕುವುದು ಒಂದು ದಾರಿ. ಇಕ್ಕಳ ಎರಡು ಇರಲೇಬೇಕು. ನನ್ನನ್ನು ಕೇಳಿದರೆ ಅದಕ್ಕಿಂತ ಒಳ್ಳೆಯ ದಾರಿ ಇದೆ, ಕೊನೆಗೆ ಹೇಳುತ್ತೇನೆ. ಕೋಳಿ ಬೇಯಿಸುವವರು ಯಾರೇ ಆಗಲಿ, ಚುಚ್ಚಿ ನೋಡುವ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಲಿ. ಕೋಳಿಯ ಒಳಗೆ 74 ಡಿಗ್ರಿ ಸೆಲ್ಸಿಯಸ್, ಇಲ್ಲಿನವರ ಮಾತಿನಲ್ಲಿ 165 ಫ್ಯಾರನ್‌ಹೀಟ್, ಕೊಚ್ಚಿದ ಮಾಂಸಕ್ಕೆ 71. ಗ್ರಿಲ್ಲಿನ ಮುಚ್ಚಳದ ಮೇಲಿನ ಮುಳ್ಳು ತೋರಿಸುವುದು ಗಾಳಿಯ ಬಿಸಿಯನ್ನು, ಕೋಳಿಯ ಬಿಸಿಯನ್ನಲ್ಲ.

ಈಗಿನ ಹವೆ ನೋಡಿ ಗ್ರಿಲ್ ಆರಿಸಬೇಡ, ನವೆಂಬರ್ ನೋಡಿ ಆರಿಸು. ಒಹಾಯೊ ಸ್ಟೇಟ್ ತಂಡದ ಜೊತೆಗಿನ ಆಟ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಶನಿವಾರ. ಸಾಮಾನ್ಯವಾಗಿ ಬೆಸ ವರ್ಷಗಳಲ್ಲಿ ಅದು ಇಲ್ಲಿ ಆನ್ ಆರ್ಬರಿನಲ್ಲೇ. ಅಂದು ಬೆಳಿಗ್ಗೆ ಸೊನ್ನೆ ಡಿಗ್ರಿ, ಮೇಲೆ ಗಾಳಿ, ಒಮ್ಮೊಮ್ಮೆ ಹಿಮ. ನಮ್ಮೂರಿನ ಸಿಲಿಂಡರಿನಲ್ಲಿ ಬ್ಯೂಟೇನಿನ ಪಾಲು ಹೆಚ್ಚು, ಇಲ್ಲಿ ಪ್ರೊಪೇನ್. ಕಾರಣ ಚಳಿಯೇ. ಬ್ಯೂಟೇನ್ ಮೈನಸ್ ಅರ್ಧ ಡಿಗ್ರಿಗೆ ದ್ರವವಾಗಿಯೇ ಕೂತುಬಿಡುತ್ತದೆ, ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗಿ ಮೇಲೇಳುತ್ತದೆ. ಏಷ್ಯನ್ ಅಂಗಡಿಯಲ್ಲಿ ಸಿಗುವ, ಉದ್ದನೆಯ ಬ್ಯೂಟೇನ್ ಡಬ್ಬಿ ಸಿಕ್ಕಿಸುವ ಒಲೆ ಅಗ್ಗ ಅಂತ ತಂದೀಯ; ಅಕ್ಟೋಬರ್ ಮಧ್ಯದವರೆಗೆ ಅದು ಒಲೆ, ಆಮೇಲೆ ಪೆಟ್ಟಿಗೆ. ಪ್ರೊಪೇನ್ ಕೂಡ ಚಳಿಗೆ ಸೊರಗುತ್ತದೆ. 21 ಡಿಗ್ರಿಯಲ್ಲಿ ಬಾಟಲಿಯೊಳಗೆ ಇದ್ದ ಒತ್ತಡ ಸೊನ್ನೆ ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೇಲಾಗಿ ಗ್ಯಾಸ್ ಹೊರಬಂದಂತೆಲ್ಲ ಒಳಗಿನ ದ್ರವ ಇನ್ನೂ ತಣ್ಣಗಾಗುತ್ತದೆ. ಹಸಿರು ಬಾಟಲಿಯ ಹೊಟ್ಟೆಯ ಮೇಲೆ ಬಿಳಿ ಮಂಜು ಕಟ್ಟುವುದು ಇದರಿಂದಲೇ. ದೊಡ್ಡ ಬರ್ನರ್ ಬೇಗ ಬೇಗ ಎಳೆದಷ್ಟೂ ಬಾಟಲಿ ಬೇಗ ಸುಸ್ತು. ಚಿಕ್ಕ ಗ್ರಿಲ್ ತಗೋ ಅನ್ನುವುದಕ್ಕೆ ಇದೂ ಒಂದು ಕಾರಣ. ಎರಡು ಬಾಟಲಿ ಇಟ್ಟುಕೊಂಡು, ಒಂದು ಸೊರಗಿದಾಗ ಇನ್ನೊಂದನ್ನು ಹಾಕು. ಬಿಸಿನೀರು ಹುಯ್ಯುವುದು, ಗ್ರಿಲ್ಲಿನ ಹತ್ತಿರ ಸರಿಸಿ ಬೆಚ್ಚಗೆ ಮಾಡುವುದು ಬೇಡ.

ಗಾಳಿಗೆ ಮುಚ್ಚಳ ಮದ್ದು. ಕಾವಲಿಗಾದರೆ ಸುತ್ತ ತಡೆ ಬೇಕು, ಅದಕ್ಕೆಂದೇ ತಗಡು ಸಿಗುತ್ತದೆ. ಪಿಯೆಜೊ ಗುಂಡಿ ಒತ್ತಿದರೆ ಕಿಡಿ ಬರುತ್ತದೆ ಅಂತ ನಂಬಿ ಬರಿಗೈಯಲ್ಲಿ ಹೋಗಬೇಡ, ಚಳಿಗೆ ಮೊದಲು ಕೈಕೊಡುವುದೇ ಅದು. ಉದ್ದ ಮೂತಿಯ ಲೈಟರ್ ಇರಲಿ. ಹಚ್ಚುವಾಗ ಮುಚ್ಚಳ ತೆರೆದಿರಲಿ, ಮುಖ ದೂರ ಇರಲಿ. ಎರಡು ಮೂರು ಸಲಕ್ಕೆ ಹೊತ್ತದಿದ್ದರೆ ಗ್ಯಾಸ್ ಮುಚ್ಚಿ ಐದು ನಿಮಿಷ ಸುಮ್ಮನಿರು. ಪ್ರೊಪೇನ್ ಗಾಳಿಗಿಂತ ಭಾರ, ಡಬ್ಬದೊಳಗೆ ಕೆಳಗೆ ಕೂತಿರುತ್ತದೆ.

ಮಳೆ ಬಂತು, ಚಳಿ ಅಂತ ಗ್ರಿಲ್ಲನ್ನು ನಾಲ್ಕೂ ಕಡೆ ಪರದೆ ಇಳಿಬಿಟ್ಟ ಟೆಂಟಿನೊಳಗೆ ಒಯ್ದರೆ ನಾನು ನಿನ್ನ ಜೊತೆ ಮಾತಾಡುವುದಿಲ್ಲ. ಎತ್ತಿದ ಡಿಕ್ಕಿ ಬಾಗಿಲಿನ ಕೆಳಗೂ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ. ತಲೆನೋವು ಬಂದಾಗ ಬಿಯರಿನದು ಅಂದುಕೊಳ್ಳುತ್ತಾರೆ, ಅಲ್ಲೇ ಇರುವುದು ಅಪಾಯ. ಕಾರುಗಳಿಂದ ನಾಲ್ಕು ಹೆಜ್ಜೆ ದೂರ, ಮೇಲೆ ಆಕಾಶ, ಕೆಳಗೆ ಒಣಹುಲ್ಲು ಇಲ್ಲದ ನೆಲ. ಮೇಜಿನ ಮೇಲೆ ಇಡುವ ಮಾದರಿಯಾದರೆ ಮೇಜು ಲೋಹದ್ದೇ ಆಗಲಿ. ಪ್ಲಾಸ್ಟಿಕ್ ಮೇಜು ಕಾವಲಿಯ ಕೆಳಗೆ ಮೆತ್ತಗಾಗಿ ಬಾಗುತ್ತದೆ. ಜಿಡ್ಡಿಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಗ್ಯಾಸ್ ಮುಚ್ಚಿ ಮುಚ್ಚಳ ಹಾಕಬೇಕು.

ಸರಿ, ಏನು ಕೊಳ್ಳಬೇಕು? ನಿನ್ನದು ಸೆಡಾನ್ ಕಾರು. ಡಿಕ್ಕಿಯ ಬಾಯಿಯನ್ನು ಟೇಪಿನಲ್ಲಿ ಅಳೆ. ಡಿಕ್ಕಿ ಎಷ್ಟು ಆಳ ಅನ್ನುವುದಕ್ಕಿಂತ ಬಾಯಿ ಎಷ್ಟು ಎತ್ತರ ಅನ್ನುವುದು ಮುಖ್ಯ. ಮಂಜುಗಡ್ಡೆ ಡಬ್ಬಿ, ನಾಲ್ಕು ಕುರ್ಚಿ ಹೋದ ಮೇಲೆ ಮಿಕ್ಕ ಜಾಗಕ್ಕೆ ಗ್ರಿಲ್. ಮಡಚುವ ಕಾಲು, ಗಾಲಿ ಇರುವ ವೆಬರ್ ಟ್ರಾವೆಲರ್ ನೋಡಲು ಬಲು ಚಂದ, 320 ಚದರ ಇಂಚು. ಆದರೆ 22 ಕೆಜಿ ಭಾರ. ಮೂರನೇ ಮಹಡಿಯಿಂದ ಇಳಿಸಿ ಹತ್ತಿಸುವವನು ನೀನೇ ತಾನೆ. ಯಾವುದನ್ನೇ ತಗೋ, ಸಿ.ಎಸ್.ಎ. ಮುದ್ರೆ ಇರಲಿ. ಹೆಸರಿಲ್ಲದ ಕಂಪನಿಯ ರೆಗ್ಯುಲೇಟರಿಗೆ ನಿನ್ನ ಹುಬ್ಬು ಕೂದಲು ಒಪ್ಪಿಸಬೇಡ.

ನನ್ನ ತೀರ್ಪು ಇದು. 17 ಇಂಚಿನ ಕಾವಲಿ ತಗೋ, ಅದರಲ್ಲಿ ಮಾಂಸ ಬೇಯಿಸಬೇಡ. ಲಾಟಿನಲ್ಲಿ ಜಾಲರಿ ಗ್ರಿಲ್ ಇಲ್ಲದ ಗುಂಪೇ ಇಲ್ಲ. ನಿನ್ನ ಗೆಳೆಯರಲ್ಲೇ ಇಬ್ಬರ ಬಳಿ ಇದೆ ಅಂತ ನೀನೇ ಹೇಳಿದ್ದೀಯ. ಕೋಳಿ ಸಾಸೇಜು ಅವರು ನೋಡಿಕೊಳ್ಳಲಿ. ದೋಸೆ, ಅಕ್ಕಿ ರೊಟ್ಟಿ, ಪನೀರು, ಮೊಟ್ಟೆ ಆಗುವುದಾದರೆ ಮೊಟ್ಟೆ, ಇವಿಷ್ಟು ನಿನ್ನ ಪಾಲಿಗೆ ಇರಲಿ. ಆ ನಾಲ್ವರೂ ನೆಮ್ಮದಿಯಾಗಿ ಉಣ್ಣುತ್ತಾರೆ, ಎರಡು ಗಂಟೆಗೆ ಒಂದು ಬಾಟಲಿ ಬಹುಮಟ್ಟಿಗೆ ಸಾಕು, ತಣಿದ ಮೇಲೆ ಹೆಂಚು ಬೇರೆ ಒಲೆ ಬೇರೆ ಮಾಡಿ ಡಿಕ್ಕಿಯಲ್ಲಿ ಇಡಬಹುದು. ಮಾಂಸವೂ ನಾನೇ ಮಾಡಬೇಕು ಅನ್ನುವ ಹಟ ಇದ್ದರೆ ಮಾತ್ರ 189 ಇಂಚಿನ ಜಾಲರಿಯದು. ಮೂರು ಬರ್ನರಿನ ಗಾಲಿ ಗಾಡಿಯನ್ನು ಮರೆತುಬಿಡು.

ತಂದ ಮೇಲೆ ಮೊದಲ ಸಲ ಸ್ಟೇಡಿಯಂ ಎದುರು ಹಚ್ಚಬೇಡ, ಬಾಲ್ಕನಿಯಲ್ಲೂ ಹಚ್ಚಬೇಡ. ಗ್ರಿಲ್ ಹಚ್ಚಲು ಬಿಡುವ ಪಾರ್ಕಿಗೆ ಒಂದು ಭಾನುವಾರ ಒಯ್ದು, ಬಾಟಲಿ ತಿರುಚಿ, ಕೂಡುವ ಕಡೆಯಲ್ಲೆಲ್ಲ ಸೋಪಿನ ನೀರು ಸವರಿ ನೋಡು. ಗುಳ್ಳೆ ಎದ್ದರೆ ಬಿಚ್ಚಿ ಮತ್ತೆ ಬಿಗಿ ಮಾಡು. ಆಗಲೂ ಎದ್ದರೆ ಅಂಗಡಿಗೆ ವಾಪಸ್ ಕೊಡು, ರಸೀದಿ ಅಲ್ಲಿಯವರೆಗೆ ಎಸೆಯಬೇಡ.